ಪಾಲಿನ ಲೆಕ್ಕದ ವಕೀಲಿಕೆ

ಪಾಲುದಾರಿಕೆ ಮತ್ತು ಹೂಡಿಕೆ ನಿಧಿಗಳ ತೆರಿಗೆಯಲ್ಲೇ ಪಳಗಿದ ವಕೀಲರ ದಿನ ಹೆಚ್ಚಾಗಿ ಕಳೆಯುವುದು ಕೋರ್ಟಿನಲ್ಲಲ್ಲ, ಡೀಡುಗಳ ಕರಡಿನ ಮುಂದೆ. ಈ ಕೆಲಸದ ರುಚಿ ಹತ್ತಿಸುವುದು ಕಾನೂನಿನೊಳಗಿನ ಒಂದು ವಿಚಿತ್ರ. 1932ರ ಪಾಲುದಾರಿಕೆ ಕಾಯ್ದೆಗೆ ಫರ್ಮ್ ಎಂದರೆ ಪಾಲುದಾರರೆಲ್ಲರ ಒಟ್ಟು ಹೆಸರಷ್ಟೇ. ಆದಾಯ ತೆರಿಗೆಗೆ ಮಾತ್ರ ಅದು ಪ್ರತ್ಯೇಕ ತೆರಿಗೆದಾರ. ಫರ್ಮ್ ಶೇ. 30ರ ದರದಲ್ಲಿ ತೆರಿಗೆ ಕಟ್ಟಿದರಾಯಿತು, ಪಾಲುದಾರನ ಕೈಸೇರುವ ಲಾಭದ ಪಾಲಿಗೆ ಮತ್ತೆ ತೆರಿಗೆಯಿಲ್ಲ.

ಈ ಸಂದಿಯಲ್ಲಿ ಜಾಣರು ಬಹುಕಾಲ ನುಸುಳಿದರು. ಒಬ್ಬ ತನ್ನ ಜಮೀನನ್ನು ಬಂಡವಾಳವೆಂದು ಫರ್ಮಿಗೆ ತರುತ್ತಾನೆ. ಮುಂದೆ ಫರ್ಮ್ ವಿಸರ್ಜನೆಯಾಗಿ ಅದು ಇನ್ನೊಬ್ಬನ ಪಾಲಿಗೆ ಹೋಗುತ್ತದೆ. ಇದು ಮಾರಾಟವೇ? ವಿಸರ್ಜನೆಯ ಹಂಚಿಕೆ ವರ್ಗಾವಣೆಯಲ್ಲ ಎಂದು ಸುಪ್ರೀಂ ಕೋರ್ಟ್ 1979ರ ಮಲಬಾರ್ ಫಿಶರೀಸ್ ತೀರ್ಪಿನಲ್ಲಿ ಹೇಳಿತು. ಸಂಸತ್ತು 1987ರಲ್ಲಿ ಆದಾಯ ತೆರಿಗೆ ಕಾಯ್ದೆಗೆ ಸೆಕ್ಷನ್ 45(4) ಸೇರಿಸಿ ಆ ದಾರಿಗೆ ಬೇಲಿ ಹಾಕಿತು. ಫರ್ಮ್ ಉಳಿದು ಪಾಲುದಾರನೊಬ್ಬ ನಿವೃತ್ತನಾದರೆ? ಅದಕ್ಕೂ ವರ್ಷಗಟ್ಟಲೆ ವ್ಯಾಜ್ಯ. 2021ರಲ್ಲಿ 45(4) ಹೊಸದಾಗಿ ಬರೆಯಲ್ಪಟ್ಟಿತು, ಜೊತೆಗೆ ಸೆಕ್ಷನ್ 9ಬಿ ಬಂತು. ಒಂದು ಉಪಸೆಕ್ಷನ್ನಿನ ಈ ಜಗ್ಗಾಟವನ್ನು ಪತ್ತೇದಾರಿ ಕಾದಂಬರಿಯಂತೆ ಓದಬಲ್ಲವರಿಗೆ ಮಾತ್ರ ಈ ವೃತ್ತಿ ಒಗ್ಗುತ್ತದೆ. ಕಾನೂನು ಪದವಿ ಇದ್ದೇ ಇರುತ್ತದೆ. ಆದರೆ ಬ್ಯಾಲೆನ್ಸ್ ಶೀಟ್ ಓದಲು ಬಾರದವರು ಇಲ್ಲಿ ನಿಲ್ಲುವುದು ಕಷ್ಟ.

ಹೂಡಿಕೆ ನಿಧಿಗಳ ಸಂಗತಿ ಹೊಸದು. ಸೆಬಿಯ 2012ರ ನಿಯಮಗಳಡಿ ನೋಂದಾಯಿತ ನಿಧಿಗಳು ಬಹುಪಾಲು ಟ್ರಸ್ಟುಗಳು. 2015ರಲ್ಲಿ ಬಂದ ಸೆಕ್ಷನ್ 115ಯುಬಿ ಪ್ರಕಾರ ಆ ನಿಯಮಗಳ ಮೊದಲ ಎರಡು ವರ್ಗದ ನಿಧಿಗಳ ಆದಾಯಕ್ಕೆ, ವ್ಯಾಪಾರದ ಲಾಭವೊಂದನ್ನು ಬಿಟ್ಟು, ಹೂಡಿಕೆದಾರರೇ ತೆರಿಗೆದಾರರು. ಹಾಗಾದರೆ ಷೇರು ಮಾರಿ ಬಂದದ್ದು ವ್ಯಾಪಾರದ ಲಾಭವೋ ಬಂಡವಾಳ ಲಾಭವೋ? ಬಂಡವಾಳ ಲಾಭವೇ ಎಂದು 2025ರ ತಿದ್ದುಪಡಿ ಖಚಿತಪಡಿಸಿತು.

ಕರಡಿನ ಕುಶಲತೆ ಕಾಣುವುದು ಹಂಚಿಕೆಯ ಷರತ್ತಿನಲ್ಲಿ. 100 ಕೋಟಿಯ ನಿಧಿ ಮೂರು ವರ್ಷಕ್ಕೆ 160 ಕೋಟಿ ಆಯಿತೆನ್ನಿ. ಲಾಭದಲ್ಲಿ, ಷರತ್ತಿನಲ್ಲಿ ಒಪ್ಪಿದ ಶೇ. 8ರ ಚಕ್ರಬಡ್ಡಿಯ ಲೆಕ್ಕದಂತೆ, ಸುಮಾರು 26 ಕೋಟಿ ಮೊದಲು ಹೂಡಿಕೆದಾರರಿಗೆ. ಉಳಿದ 34 ಕೋಟಿಯಲ್ಲಿ ಶೇ. 20 ನಿಧಿ ನಡೆಸುವವರ ‘ಕ್ಯಾರಿ’ ಎಂದರೆ 6.8 ಕೋಟಿ. ‘ಕ್ಯಾಚ್ ಅಪ್’ ಎಂಬ ಒಂದು ವಾಕ್ಯ ಪೂರ್ತಿಯಾಗಿ ಸೇರಿದರೆ ಅದೇ ಶೇ. 20 ಇಡೀ 60 ಕೋಟಿ ಲಾಭದ ಮೇಲೆ ಬಿದ್ದು 12 ಕೋಟಿಯಾಗುತ್ತದೆ. ಐದು ಕೋಟಿಗೂ ಮಿಕ್ಕಿದ ವಾಕ್ಯವದು. ಅಲ್ಪವಿರಾಮಕ್ಕೂ ಜಗಳವಾಡುವುದು ಸುಮ್ಮನಲ್ಲ.

ಕ್ಯಾರಿ ಲಾಭದ ಪಾಲೋ, ಸೇವೆಯ ಶುಲ್ಕವೋ? ಶುಲ್ಕವೆಂದು ಬೆಂಗಳೂರಿನ ಟ್ರಿಬ್ಯೂನಲ್ 2021ರಲ್ಲಿ ಸೇವಾ ತೆರಿಗೆಯನ್ನು ಎತ್ತಿಹಿಡಿದಾಗ ನಿಧಿಗಳ ವಲಯವೇ ಬೆಚ್ಚಿತು. 2024ರಲ್ಲಿ ಕರ್ನಾಟಕ ಹೈಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು.

1961ರ ಕಾಯ್ದೆಯ ಜಾಗಕ್ಕೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ. 2026ರ ಏಪ್ರಿಲ್ 1 ಅದರ ಜಾರಿಯ ದಿನ. ಬಾಯಿಪಾಠವಾಗಿದ್ದ ಸೆಕ್ಷನ್ ಸಂಖ್ಯೆಗಳೆಲ್ಲ ಬದಲು. ಹಿಂದಿನ ವರ್ಷಗಳ ವ್ಯಾಜ್ಯಗಳು ಹಳೆಯ ಸಂಖ್ಯೆಗಳಲ್ಲೇ ನಡೆಯುವುದರಿಂದ, ಇನ್ನು ಕೆಲವು ವರ್ಷ ಎರಡೂ ಪುಸ್ತಕ ಮೇಜಿನ ಮೇಲಿರಬೇಕು.