ಹಲಸಿಯ ಹೊಸ್ತಿಲಲ್ಲಿ

ನಾಲ್ಕನೇ ಇಯತ್ತೆಯವರೆಗೆ ಉರ್ದು ಶಾಲೆ, ಆಮೇಲೆ ಕನ್ನಡ ಶಾಲೆ. ನನ್ನ ಬಾಲ್ಯದ ಇತಿಹಾಸವೂ ಹೀಗೆಯೇ ಎರಡು ಪಾಲಾಗಿತ್ತು. ಉರ್ದು ಉಸ್ತಾದರ ಬಾಯಲ್ಲಿ ದಿಲ್ಲಿ, ಆಗ್ರಾ, ಬಿಜಾಪುರ. ಕನ್ನಡ ಮಾಸ್ತರರ ಬಾಯಲ್ಲಿ ಬನವಾಸಿ, ಬಾದಾಮಿ, ಹಂಪಿ. ಒಮ್ಮೆ ಮಾಸ್ತರರು ಕದಂಬರ ಪಾಠ ಮಾಡುತ್ತ ರವಿವರ್ಮನ ಹೆಸರು ಹೇಳಿದರು. ನಮ್ಮ ರವಿವಾರ ಪೇಟೆ ಕಟ್ಟಿಸಿದವನು ಅವನೇ ಇರಬೇಕೆಂದು ಅಂಗಡಿಗೆ ಓಡಿ ಬಂದು ಅಬ್ಬಾಗೆ ಹೇಳಿದೆ. "ಅದು ವಾರದ ಹೆಸರೋ ಬೇಟಾ" ಎಂದು ನಕ್ಕ ಅವರು ಮತ್ತೆ ಅಕ್ಕಿಯ ಚೀಲ ಎಣಿಸತೊಡಗಿದರು. ಆ ಚೀಲಗಳು ಬಂದದ್ದು ಖಾನಾಪುರದ ಕಡೆಯಿಂದ. ರವಿವರ್ಮ ಆಳಿದ ಊರೂ ಅದೇ ಕಡೆ ಇದೆಯೆಂಬುದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಆ ಊರು ಹಲಸಿ. ಖಾನಾಪುರದಿಂದ ನಂದಗಡ ದಾಟಿ ಹೋಗಬೇಕು. ಶಾಸನಗಳಲ್ಲಿ ಅದರ ಹೆಸರು ಪಲಾಶಿಕಾ. ಬನವಾಸಿಯ ಕದಂಬರಿಗೆ ಎರಡನೆಯ ರಾಜಧಾನಿ.

ಕಳೆದ ವರ್ಷ ಮಗಳಿಗೆ ಶಾಲೆಯಲ್ಲಿ ನಮ್ಮ ಜಿಲ್ಲೆಯ ಇತಿಹಾಸ ಬರೆದು ತರಲು ಹೇಳಿದ್ದರು. ನಾನು ಅಭ್ಯಾಸಬಲದಿಂದ ಗೋಳಗುಮ್ಮಟದ ಕಥೆ ತೆಗೆದೆ. "ಅದು ನಮ್ಮ ಜಿಲ್ಲೆ ಅಲ್ಲ, ಅಬ್ಬಾ" ಎಂದಳು. ಮುಂದಿನ ರವಿವಾರವೇ ಇಬ್ಬರೂ ಹಲಸಿಯ ಬಸ್ಸು ಹತ್ತಿದೆವು.

ಅಲ್ಲಿ ಕೋಟೆಯಿಲ್ಲ, ಅರಮನೆಯಿಲ್ಲ. ಭತ್ತದ ಗದ್ದೆಗಳ ನಡುವೆ ಒಂದು ಹಳ್ಳಿ. ಗೋವೆಯ ಕದಂಬರ ಕಾಲದ, ಹನ್ನೆರಡನೇ ಶತಮಾನದ ಭೂವರಾಹ ನರಸಿಂಹ ಗುಡಿಯಲ್ಲಿ ಎರಡು ಗರ್ಭಗುಡಿಗಳು ಎದುರುಬದುರಾಗಿವೆ. ಮಗಳು ಚಪ್ಪಲಿ ಬಿಟ್ಟು ಒಳಗೆ ಓಡಿದಳು. ನಾನು ಹೊಸ್ತಿಲಲ್ಲೇ ನಿಂತೆ. ಯಾರೂ ತಡೆದಿರಲಿಲ್ಲ, ಕಾಲು ತಾನಾಗಿ ನಿಂತಿತು. ಸೌಹಾರ್ದದ ಬಗ್ಗೆ ವೇದಿಕೆಗಳಲ್ಲಿ ಮಾತಾಡಿ ಚಪ್ಪಾಳೆ ಗಿಟ್ಟಿಸಿದವನು ನಾನು. ಆ ಒಂದು ಹೆಜ್ಜೆಗೆ ಅದಾವುದೂ ಉಪಯೋಗಕ್ಕೆ ಬರಲಿಲ್ಲ.

ಅಂಗಳ ಗುಡಿಸುತ್ತಿದ್ದ ಮುದುಕಿಯೊಬ್ಬಳು ತಲೆಯೆತ್ತಿ ನೋಡಿದಳು. "ಯಾಕ ಬಿಸಲಾಗ ನಿಂತೀಯೋ ತಮ್ಮಾ? ಒಳಗ ತಂಪ ಐತಿ, ಹೋಗು." ಆಕೆ ಧರ್ಮದ ಮಾತಾಡಲಿಲ್ಲ, ನೆರಳಿನ ಮಾತಾಡಿದಳು. ನಾನು ಒಳಗೆ ಹೋದೆ.

ಮನೆಗೆ ಬಂದು ಹಲಸಿಯ ತಾಮ್ರಪಟಗಳ ವಿವರ ಹುಡುಕಿ ಓದಿದೆ. ಕದಂಬರ ಮೂಲಪುರುಷ ಮಯೂರಶರ್ಮ ವೇದ ಓದಲು ಕಂಚಿಗೆ ಹೋದ ಬ್ರಾಹ್ಮಣ. ಅವನ ವಂಶದ ಮೃಗೇಶವರ್ಮ ತಂದೆಯ ನೆನಪಿಗೆ ಪಲಾಶಿಕೆಯಲ್ಲಿ ಕಟ್ಟಿಸಿದ್ದು ಜಿನಾಲಯವನ್ನು. ಅವನ ಮಗ ರವಿವರ್ಮನ ಕಾಲದ ಶಾಸನವೊಂದು, ಕಾರ್ತಿಕದಲ್ಲಿ ಜಿನೋತ್ಸವ ನಡೆಯಲಿ, ಮಳೆಗಾಲದ ನಾಲ್ಕು ತಿಂಗಳು ಜೈನ ಯತಿಗಳಿಗೆ ಅನ್ನದ ವ್ಯವಸ್ಥೆಯಾಗಲಿ ಎನ್ನುತ್ತದೆ. ಖಾನಾಪುರದ ಮಳೆ ಕಂಡವರಿಗೆ ಈ ಮಾತಿನ ತೂಕ ಗೊತ್ತು. ಹೊರಗೆ ಕಾಲಿಡಲಾಗದ ದಿನಗಳಲ್ಲಿ ಬೇರೆ ಪಂಥದವರ ಊಟದ ಚಿಂತೆ ಮಾಡಿದ ರಾಜ್ಯವದು. ಅಬ್ಬಾ ಈಗ ಇಲ್ಲ. ಇದ್ದಿದ್ದರೆ, ನಿಮ್ಮ ಅಕ್ಕಿ ಚೀಲಕ್ಕೂ ಆ ರವಿವರ್ಮನಿಗೂ ಸಂಬಂಧ ಇತ್ತು ನೋಡ್ರಿ ಎಂದು ಹೇಳುತ್ತಿದ್ದೆ.

ಮಗಳು ತನ್ನ ವಹಿಯಲ್ಲಿ ಮೊದಲ ಸಾಲು ಬರೆದಳು: "ಹಲಸಿ ನಮ್ಮ ಹಳೆಯ ರಾಜಧಾನಿ." 'ನಮ್ಮ' ಎಂಬಲ್ಲಿ ನನ್ನ ಕಣ್ಣು ನಿಂತಿತು. ನಾಳೆ ಯಾರಾದರೂ, ಅದು ನಿಮ್ಮದು ಹೇಗಾಯಿತು ಎಂದು ಅವಳನ್ನು ಕೇಳಬಹುದು. ಕೇಳುವವರು ನಮ್ಮ ಓಣಿಯವರೂ ಆಗಿರಬಹುದು, ಹೊರಗಿನವರೂ ಆಗಿರಬಹುದು. ಆ ದಿನಕ್ಕಿರಲಿ ಎಂದು ತಾಮ್ರಪಟಗಳ ಸಂಗತಿಯನ್ನು ಅವಳಿಗೆ ಹೇಳಿಕೊಟ್ಟೆ. ಆ ಸಾಲನ್ನು ಮಾತ್ರ ತಿದ್ದಲಿಲ್ಲ.