ಭುಜಕ್ಕೂ ಒಂದು ಕಾನೂನು ಇದೆ!

ಲಸಿಕೆ ಹಾಕಿಸಿಕೊಂಡು ಭುಜ ಕೆಟ್ಟುಹೋಯ್ತು ಅಂತ ಹೇಳಿದ್ರೆ ಕೇಳಿದವರು ಸಾಮಾನ್ಯವಾಗಿ ಎರಡು ಗುಂಪಾಗ್ತಾರೆ. "ಇಂಜೆಕ್ಷನ್ ಅಂದ್ಮೇಲೆ ಎರಡು ದಿನ ಕೈ ನೋಯಲ್ವೇನ್ರೀ, ಅದಕ್ಕೆ ಇಷ್ಟು ರಾಮಾಯಣವಾ?" ಅನ್ನೋರು ಒಂದು ಕಡೆ. "ನಾನು ಅವತ್ತೇ ಹೇಳಿರ್ಲಿಲ್ವಾ, ಈ ಲಸಿಕೆಗಳೇ ಮೋಸ" ಅಂತ ಫೋನ್ ತೆಗೆದು ಯಾವುದೋ ವಿಡಿಯೋ ತೋರಿಸೋಕೆ ಬರೋರು ಇನ್ನೊಂದು ಕಡೆ. ಎರಡಕ್ಕೂ ಸೇರದೆ ನಡುವೆ ನಿಂತು ಮಾತಾಡೋದು ಕಷ್ಟ. ಆದ್ರೆ ಏನ್ಮಾಡೋದು, ನನ್ನ ಎಡಭುಜ ಇರೋದು ಆ ನಡುವಿನ ಜಾಗದಲ್ಲೇ...

ಮೊದಲು ಇದು ಏನು ಅಂತ ಹೇಳಿಬಿಡ್ತೀನಿ. ಇದಕ್ಕೆ ವೈದ್ಯರು ಇಟ್ಟಿರೋ ಹೆಸರು 'ಸಿರ್ವಾ'. ಲಸಿಕೆ ಚುಚ್ಚುವಾಗ ಭುಜಕ್ಕೆ ಆಗೋ ಗಾಯ ಅನ್ನೋದನ್ನ ಇಂಗ್ಲಿಷಿನಲ್ಲಿ ಉದ್ದಕ್ಕೆ ಬರೆದು ಮೊದಲಕ್ಷರಗಳನ್ನ ಜೋಡಿಸಿದ್ದು. ತೋಳಿನ ಮೇಲ್ಭಾಗದಲ್ಲಿ ದಪ್ಪಗೆ ಡೆಲ್ಟಾಯ್ಡ್ ಅನ್ನೋ ಸ್ನಾಯು ಇದೆಯಲ್ಲ, ಸೂಜಿ ಹೋಗಬೇಕಾದ್ದು ಅದರ ನಡುವಿಗೆ. ಭುಜದ ತುದಿಯಲ್ಲಿ ಕೈಗೆ ಸಿಗೋ ಮೂಳೆಯಿಂದ ಎರಡು ಮೂರು ಬೆರಳು ಕೆಳಗೆ. ಅದಕ್ಕಿಂತ ಮೇಲೆ ಚುಚ್ಚಿದ್ರೆ ಅಡಿಯಲ್ಲಿ ಬರ್ಸಾ ಅನ್ನೋ ಒಂದು ಪುಟ್ಟ ಚೀಲ ಸಿಗುತ್ತೆ. ಕೈ ಎತ್ತಿ ಇಳಿಸುವಾಗ ಒಳಗೆ ಉಜ್ಜಾಟ ಆಗದ ಹಾಗೆ ನೋಡಿಕೊಳ್ಳೋ ಮೆತ್ತೆ ಅದು. ಔಷಧಿ ಅದರೊಳಗೆ ಇಳಿದುಬಿಡಬಹುದು. ಲಸಿಕೆಯ ಕೆಲಸವೇ ದೇಹವನ್ನ ಕೆಣಕಿ ಎಚ್ಚರಿಸೋದು. ಸ್ನಾಯುವಿನಲ್ಲಿ ಆಗಬೇಕಾದ ಆ ಕೆಣಕಾಟ ಕೀಲಿನ ಪಕ್ಕದ ಚೀಲದಲ್ಲಿ ಆದ್ರೆ ಉರಿಯೂತ ಶುರುವಾಗಿ ತಿಂಗಳುಗಟ್ಟಲೆ ಇಳಿಯೋದೇ ಇಲ್ಲ. ಅಂದ್ರೆ ಕೆಟ್ಟದ್ದು ಲಸಿಕೆಯಲ್ಲ, ಅದು ಇಳಿದ ಜಾಗ.

ಇದು ನನ್ನಂಥವರ ಕಲ್ಪನೆಯೇನಲ್ಲ. 2007ರಲ್ಲಿ 'ವ್ಯಾಕ್ಸೀನ್' ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಇಂಥ ಇಬ್ಬರು ರೋಗಿಗಳ ವರದಿ ಬಂತು. 2010ರಲ್ಲಿ ಅದೇ ಪತ್ರಿಕೆಯಲ್ಲಿ 13 ಜನರ ವಿವರ ಬಂತು, ಸಿರ್ವಾ ಅನ್ನೋ ಹೆಸರು ಬಳಕೆಗೆ ಬಂದಿದ್ದು ಅದರಿಂದ. ಮುಂದಿನ ವರ್ಷ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಕೂಡ ಸೂಜಿ ಚುಚ್ಚೋದಕ್ಕೂ ಡೆಲ್ಟಾಯ್ಡ್ ಬರ್ಸಾದ ಉರಿಯೂತಕ್ಕೂ ಸಂಬಂಧ ಇದೆ ಅಂತ ಒಪ್ಪಿತು.

ನಂದು 2018ರ ಅಕ್ಟೋಬರಿನ ಫ್ಲೂ ಲಸಿಕೆ. ನಾವಿರೋದು ಅಮೆರಿಕದಲ್ಲಿ, ಇಲ್ಲಿ ಅದನ್ನ ಔಷಧಿ ಅಂಗಡಿಯಲ್ಲೇ ಹಾಕ್ತಾರೆ. ನಾನು ಕುರ್ಚಿಯಲ್ಲಿ ಕೂತಿದ್ದೆ, ಹಾಕೋರು ನಿಂತಿದ್ರು. ಸ್ವೆಟರಿನ ಕುತ್ತಿಗೆಯನ್ನ ಪಕ್ಕಕ್ಕೆ ಎಳೆದು, ಭುಜ ಒಂದಿಷ್ಟು ಹೊರಗೆ ಮಾಡಿ ಚುಚ್ಚಿಬಿಟ್ರು. ಸೂಜಿ ಬಿದ್ದ ಜಾಗ ನನ್ನ ಬಿಸಿಜಿ ಗುರುತಿಗಿಂತ ಎಷ್ಟೋ ಮೇಲೆ. (ನಮ್ಮೂರಲ್ಲಿ ಹುಟ್ಟಿದವರಿಗೆ ಎಡತೋಳಿನ ಮೇಲೆ ಆ ಗುರುತು ಇರುತ್ತಲ್ಲ, ಅಳತೆಗೆ ಒಳ್ಳೆ ಉಪಯೋಗ! :-)) ರಾತ್ರಿ ಊಟ ಬಡಿಸುವ ಹೊತ್ತಿಗೆ ಕೈ ಮೇಲೆತ್ತೋಕೆ ಆಗ್ಲಿಲ್ಲ. ಎರಡು ದಿನ ಅಂದ್ರು, ಎರಡು ವಾರ ಅಂದ್ರು. ಡಿಸೆಂಬರಿನಲ್ಲಿ ಡಾಕ್ಟರ ಹತ್ತಿರ ಹೋದೆ. ಎಂಆರ್‌ಐ, ಸ್ಟೀರಾಯ್ಡ್ ಇಂಜೆಕ್ಷನ್, ಆಮೇಲೆ ಭುಜ ಬಿಗಿದುಕೊಂಡು ಫ್ರೋಜನ್ ಶೋಲ್ಡರ್, ವಾರಕ್ಕೆರಡು ಸಲ ಫಿಸಿಯೋಥೆರಪಿ. ಜಡೆ ಹಾಕ್ಕೊಳ್ಳೋಕೆ ಆಗಲ್ಲ, ಮೇಲಿನ ಶೆಲ್ಫಿನಿಂದ ಕುಕ್ಕರ್ ಇಳಿಸೋಕೆ ಆಗಲ್ಲ, ಎಡಮಗ್ಗುಲಿಗೆ ಮಲಗೋಕಂತೂ ಒಂದೂವರೆ ವರ್ಷ ಆಗ್ಲಿಲ್ಲ. ಮಗಳು ಎತ್ಕೋ ಅಂತ ಕೈ ಚಾಚಿದ್ರೆ ಕೆಳಗೆ ಕೂತು ತಬ್ಬಿಕೊಳ್ತಿದ್ದೆ. ಸಾಯೋ ಕಾಯಿಲೆಯಲ್ಲ, ಹೇಳಿಕೊಳ್ಳೋಕೂ ನಾಚಿಕೆ. ಆದ್ರೆ ದಿನಾ ಇರುತ್ತೆ.

ಇದಕ್ಕೆ ಪರಿಹಾರ ಕೊಡೋ ಕಾನೂನು ಇದೆ ಅಂತ ಗೊತ್ತಾಗಿದ್ದು ಆಫೀಸಿನ ಸಹೋದ್ಯೋಗಿಯೊಬ್ಬರಿಂದ. ಮನೆಯಲ್ಲಿ ಹೇಳಿದ್ರೆ ನಮ್ಮವರ ಮೊದಲ ಪ್ರಶ್ನೆ, "ಸರ್ಕಾರದ ಮೇಲೆ ಕೇಸಾ? ಗ್ರೀನ್ ಕಾರ್ಡಿಗೆ ತೊಂದರೆ ಆಗಲ್ವಾ?" ಅಂತ. ಊರಿಂದ ಅಮ್ಮ ಫೋನಿನಲ್ಲಿ, "ಇಂಜೆಕ್ಷನ್ ನೋವಿಗೆಲ್ಲ ದುಡ್ಡು ಕೊಡ್ತಾರೇನೇ ಅಲ್ಲಿ? ಹಾಗಿದ್ರೆ ನಮ್ಮ ಕಾಲದ ಕಾಂಪೌಂಡರುಗಳೆಲ್ಲ ದಿವಾಳಿ ಆಗ್ತಿದ್ರು" ಅಂತ ನಕ್ಕರು. ಇಬ್ಬರಿಗೂ ಉತ್ತರ ಕೊಡೋಕೆ ಅಂತಲೇ ನಾನು ಕೂತು ಓದಿದ್ದು.

ಕಥೆ ಶುರುವಾಗೋದು 1980ರ ದಶಕದಲ್ಲಿ. ನಾಯಿಕೆಮ್ಮಿಗೆ ಕೊಡ್ತಿದ್ದ ಹಳೇ ಡಿಪಿಟಿ ಲಸಿಕೆಯಿಂದ ಮಕ್ಕಳಿಗೆ ತೊಂದರೆಯಾಯ್ತು ಅಂತ ಇಲ್ಲಿ ಕಂಪನಿಗಳ ಮೇಲೆ ಮೊಕದ್ದಮೆಗಳ ಸುರಿಮಳೆಯಾಯ್ತು. ಲಸಿಕೆ ಬೆಲೆ ಏರಿತು, ಕೆಲವು ಕಂಪನಿಗಳು ಈ ಸಹವಾಸವೇ ಬೇಡ ಅಂತ ತಯಾರಿಕೆ ನಿಲ್ಲಿಸಿದ್ವು. ಹೀಗೇ ಬಿಟ್ರೆ ಲಸಿಕೆಯೇ ಸಿಗಲ್ಲ, ಹಾಗಂತ ನಿಜವಾಗಿ ಪೆಟ್ಟು ತಿಂದವರನ್ನ ಕೈಬಿಡೋ ಹಾಗೂ ಇಲ್ಲ. ಆಗ 1986ರಲ್ಲಿ ಒಂದು ಕಾನೂನು ಮಾಡಿದ್ರು, ಅದರ ಕೆಳಗಿನ ಪರಿಹಾರ ಯೋಜನೆ 1988ರ ಅಕ್ಟೋಬರ್ 1ಕ್ಕೆ ಶುರುವಾಯ್ತು. ದುಡ್ಡು ಬರೋ ದಾರಿ ನನಗೆ ತುಂಬಾ ಹಿಡಿಸಿತು. ಒಂದು ಡೋಸ್ ಎಷ್ಟು ಕಾಯಿಲೆಗಳನ್ನ ತಡೆಯುತ್ತೋ ಅಷ್ಟು 75 ಸೆಂಟ್ ತೆರಿಗೆ. ಫ್ಲೂಗೆ 75 ಸೆಂಟ್, ದಡಾರ-ಮಂಗನಬಾವು-ರುಬೆಲ್ಲಾ ಮೂರೂ ಸೇರಿದ ಲಸಿಕೆಗೆ 2 ಡಾಲರ್ 25 ಸೆಂಟ್. ಆ ಚಿಲ್ಲರೆ ಎಲ್ಲ ಒಂದು ನಿಧಿಗೆ ಹೋಗುತ್ತೆ. ಎಲ್ಲರ ಒಳ್ಳೆಯದಕ್ಕೆ ಎಲ್ಲರೂ ತೋಳು ಕೊಡ್ತಾರೆ, ಅದರಲ್ಲಿ ಯಾರೋ ಒಬ್ಬರಿಗೆ ಪೆಟ್ಟಾದ್ರೆ ಎಲ್ಲರ ಹುಂಡಿಯಿಂದ ಅವರಿಗೆ ಕೊಡೋದು. ಊರಹಬ್ಬದ ವಂತಿಗೆ ಇದ್ದ ಹಾಗೆ.

ಕೇಸು ನಡೆಯೋದು ವಾಷಿಂಗ್ಟನ್ನಿನ ಕೋರ್ಟ್ ಆಫ್ ಫೆಡರಲ್ ಕ್ಲೇಮ್ಸ್ ಅನ್ನೋ ನ್ಯಾಯಾಲಯದಲ್ಲಿ. ಜ್ಯೂರಿ ಇಲ್ಲ, 'ಸ್ಪೆಷಲ್ ಮಾಸ್ಟರ್' ಅನ್ನೋರು ತೀರ್ಮಾನ ಮಾಡ್ತಾರೆ. ಎದುರು ಪಕ್ಷ ಔಷಧಿ ಅಂಗಡಿಯೂ ಅಲ್ಲ, ಕಂಪನಿಯೂ ಅಲ್ಲ, ಅಮೆರಿಕದ ಆರೋಗ್ಯ ಕಾರ್ಯದರ್ಶಿ. ಲಸಿಕೆ ಹಾಕಿದವರ ಮೇಲೆ 1,000 ಡಾಲರಿಗಿಂತ ಹೆಚ್ಚಿನ ದಾವೆ ಹೂಡಬೇಕು ಅಂದ್ರೂ ಮೊದಲು ಇಲ್ಲಿಗೇ ಬರಬೇಕು. ನೋವು ಶುರುವಾದ ದಿನದಿಂದ 3 ವರ್ಷದೊಳಗೆ ಅರ್ಜಿ ಹಾಕಬೇಕು. ತೊಂದರೆ 6 ತಿಂಗಳಿಗಿಂತ ಹೆಚ್ಚು ಉಳಿದಿರಬೇಕು, ಇಲ್ಲವೇ ಆಸ್ಪತ್ರೆಗೆ ಸೇರಿ ಶಸ್ತ್ರಚಿಕಿತ್ಸೆ ಆಗಿರಬೇಕು. ವಕೀಲರಿಗೆ ನಮ್ಮ ಪರಿಹಾರದಲ್ಲಿ ಪಾಲಿಲ್ಲ. ಅರ್ಜಿಗೆ ತಕ್ಕ ಆಧಾರ ಇದ್ದು ಪ್ರಾಮಾಣಿಕವಾಗಿ ಹಾಕಿದ್ರೆ, ಸೋತರೂ ಅವರ ಫೀಸನ್ನ ಕೋರ್ಟ್ ಆ ನಿಧಿಯಿಂದಲೇ ಕೊಡಿಸಬಹುದು. ಇನ್ನು ನಮ್ಮವರ ಪ್ರಶ್ನೆಗೆ ಉತ್ತರ: ಕಾನೂನು ನೋಡೋದು ಲಸಿಕೆ ಎಲ್ಲಿ ಹಾಕಿಸಿಕೊಂಡ್ರಿ ಅಂತ, ಪಾಸ್‌ಪೋರ್ಟ್ ಯಾವ ದೇಶದ್ದು ಅಂತಲ್ಲ. ಎಚ್-1ಬಿಯವರಿಗೂ ಅಷ್ಟೇ, ಬೇಸಿಗೆಗೆ ಬಂದು ಹೋಗೋ ಅಪ್ಪ ಅಮ್ಮಂದಿರಿಗೂ ಅಷ್ಟೇ.

2017ರ ಮಾರ್ಚಿನಲ್ಲಿ ಸಿರ್ವಾವನ್ನ ಯೋಜನೆಯ ಅಧಿಕೃತ ಪಟ್ಟಿಗೆ ಸೇರಿಸಿದ್ರು. ಪಟ್ಟಿಯಲ್ಲಿರೋ ಗಾಯ ಆದ್ರೆ ಲಸಿಕೆಯಿಂದಲೇ ಆಯ್ತು ಅಂತ ನಾವು ಸಾಬೀತು ಮಾಡಬೇಕಾಗಿಲ್ಲ, ಲಕ್ಷಣಗಳು ಹೊಂದಿದ್ರೆ ಸಾಕು. ಮೊದಲು ಆ ಭುಜದಲ್ಲಿ ನೋವು ಇರಬಾರದು, ಲಸಿಕೆ ಹಾಕಿ 48 ಗಂಟೆಯೊಳಗೆ ನೋವು ಶುರುವಾಗಿರಬೇಕು, ನೋವೂ ಬಿಗಿತವೂ ಅದೇ ಭುಜಕ್ಕೆ ಸೀಮಿತವಾಗಿರಬೇಕು, ಬೇರೆ ಕಾರಣ ಇರಬಾರದು.

ಕೇಳೋಕೆ ಸುಲಭ. ಆದ್ರೆ ನನ್ನ ಕೇಸು ತೂಗಾಡಿದ್ದು ಆ 48 ಗಂಟೆಯ ಮೇಲೆಯೇ. ನಾನು ಡಾಕ್ಟರಿಗೆ "ಅವತ್ತು ರಾತ್ರಿಯಿಂದ" ಅಂತ ಹೇಳಿದ್ದೆ. ಅವರು ಕಂಪ್ಯೂಟರಿನಲ್ಲಿ ಬರೆದುಕೊಂಡಿದ್ದು "ಅಕ್ಟೋಬರಿನಿಂದ" ಅಂತ. ಅಕ್ಟೋಬರಿಗೆ 31 ದಿನ! ಸರ್ಕಾರದ ವಕೀಲರು ಸಹಜವಾಗಿಯೇ ಅದನ್ನ ಹಿಡಿದುಕೊಂಡ್ರು. ಕೊನೆಗೆ ಕೈಹಿಡಿದಿದ್ದು ಮಾರನೇ ದಿನ ನಾನು ಮೈಸೂರಿನಲ್ಲಿರೋ ಅಕ್ಕನಿಗೆ ಕಳಿಸಿದ್ದ ಮೆಸೇಜು. "ಅಕ್ಕಾ, ನಿನ್ನೆ ಲಸಿಕೆ ಹಾಕಿದ ಕೈ ಎತ್ತೋಕೇ ಆಗ್ತಿಲ್ಲ ಕಣೇ, ದೋಸೆ ಹುಯ್ಯೋ ಕೆಲಸ ಇವತ್ತು ಇವರದ್ದೇ" ಅಂತ. ಅದನ್ನ ಇಂಗ್ಲಿಷಿಗೆ ಅನುವಾದ ಮಾಡಿಸಿ, ಅನುವಾದಕರ ಪ್ರಮಾಣಪತ್ರದ ಜೊತೆ ಸಲ್ಲಿಸಿದ್ವಿ. ಅಮೆರಿಕದ ಕೋರ್ಟಿನ ಕಡತದಲ್ಲಿ ನಮ್ಮನೆ ದೋಸೆ!

ಅಷ್ಟರಲ್ಲಿ ಇನ್ನೊಂದು ಗಂಡಾಂತರ ಬಂದಿತ್ತು. 2020ರ ಜುಲೈನಲ್ಲಿ ಇಲ್ಲಿನ ಆರೋಗ್ಯ ಇಲಾಖೆ ಸಿರ್ವಾವನ್ನ ಪಟ್ಟಿಯಿಂದಲೇ ತೆಗೀತೀವಿ ಅಂತ ಪ್ರಸ್ತಾಪ ಮಾಡಿತು. ಅವರ ವಾದ ಏನು ಅಂದ್ರೆ, ಇದು ಲಸಿಕೆಯ ದೋಷ ಅಲ್ಲ, ಚುಚ್ಚಿದ ಕೈಯ ದೋಷ, ಅದಕ್ಕೆ ಈ ನಿಧಿಯಿಂದ ಯಾಕೆ ಕೊಡಬೇಕು? ಚುಚ್ಚಿದವರೇ ಜವಾಬ್ದಾರರಾಗಲಿ. ಅಷ್ಟು ಹೊತ್ತಿಗೆ ಬರೋ ಅರ್ಜಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಭುಜದವೇ ಆಗಿದ್ವು, ಅದೂ ಒಂದು ತಲೆನೋವು. ಹೊಸ ನಿಯಮ ಬರೋದರೊಳಗೆ ಅರ್ಜಿ ಹೋಗಲಿ ಅಂತ ನಮ್ಮ ವಕೀಲರು ಆಗಸ್ಟಿನಲ್ಲೇ ಸಲ್ಲಿಸಿಬಿಟ್ರು. 2021ರ ಜನವರಿಯಲ್ಲಿ ತೆಗೆದುಹಾಕೋ ಆದೇಶ ಹೊರಟೂ ಹೋಯ್ತು. ಆಮೇಲೆ ಬಂದ ಸರ್ಕಾರ ಅದನ್ನ ತಡೆಹಿಡಿದು, ಏಪ್ರಿಲ್‌ನಲ್ಲಿ ರದ್ದು ಮಾಡಿತು. ಸಿರ್ವಾ ಪಟ್ಟಿಯಲ್ಲೇ ಉಳೀತು.

ನಿಜ ಹೇಳಬೇಕು ಅಂದ್ರೆ ಆ ವಾದ ಓದಿದಾಗ ಮೊದಲು ನನ್ನ ಮನಸ್ಸು ಹೌದು ಹೌದು ಅಂದಿತ್ತು. ನನ್ನ ಸಿಟ್ಟು ಇದ್ದಿದ್ದೇ ಆ ಸ್ವೆಟರ್ ಎಳೆದ ಕೈಯ ಮೇಲೆ. ಆದ್ರೆ ಲೆಕ್ಕ ಹಾಕಿ ನೋಡಿ. ಒಂದು ಭುಜದ ಸಲುವಾಗಿ ದೊಡ್ಡ ಅಂಗಡಿಯೊಂದರ ಮೇಲೆ ನಿರ್ಲಕ್ಷ್ಯದ ದಾವೆ ಹೂಡಿ, ಸೂಜಿ ಇಷ್ಟು ಬೆರಳು ಮೇಲಿತ್ತು ಅಂತ ತಜ್ಞರನ್ನ ಕರೆಸಿ ಸಾಬೀತು ಮಾಡೋಕೆ ಆಗೋ ಖರ್ಚು ಎಷ್ಟು? ಸಂಬಳದವರು ಯಾರೂ ಆ ದಾರಿ ಹಿಡಿಯಲ್ಲ. ಹಾಕಿದ ಹುಡುಗಿಗೋ, ಆ ದಿನ ಎಷ್ಟು ಜನರ ಸಾಲು ಇತ್ತೋ, ಕೂರೋಕೆ ಎರಡನೇ ಕುರ್ಚಿ ಇತ್ತೋ ಇಲ್ಲವೋ. ಯಾರ ತಪ್ಪು ಅಂತ ಹುಡುಕೋಕೆ ಹೊರಟರೆ ನೊಂದವರಿಗೆ ಏನೂ ಸಿಗಲ್ಲ ಅನ್ನೋದು ಅರ್ಥವಾಗಿದ್ದರಿಂದಲೇ 1986ರಲ್ಲಿ ತಪ್ಪಿನ ಪ್ರಶ್ನೆಯನ್ನ ಪಕ್ಕಕ್ಕಿಟ್ಟು ಕಾನೂನು ಮಾಡಿದ್ದು.

2022ರಲ್ಲಿ ರಾಜಿಯಾಯ್ತು. ಆ ಕಾಗದದ ಒಕ್ಕಣೆ ಮಜವಾಗಿದೆ. ಲಸಿಕೆಯಿಂದ ಈಕೆಗೆ ಗಾಯವಾಯ್ತು ಅನ್ನೋದನ್ನ ಸರ್ಕಾರ ಅಲ್ಲಗಳೆಯುತ್ತೆ, ಆದರೂ ಇಬ್ಬರೂ ಒಪ್ಪಿ ಇಷ್ಟು ಹಣ ಕೊಡೋದು ಅಂತ ತೀರ್ಮಾನ ಆಗಿದೆ, ಅಂತ. ಇಂಥ ಒಪ್ಪಂದಗಳಲ್ಲಿ ಅದೇ ವಾಡಿಕೆಯ ಮಾತಂತೆ. ಹಣ ಎಷ್ಟು ಅಂತ ಕೇಳಬೇಡಿ. ನೋವು ಸಂಕಟದ ಬಾಬ್ತಿಗೆ 1986ರ ಕಾನೂನು ಹಾಕಿದ ಗರಿಷ್ಠ ಮಿತಿ 2,50,000 ಡಾಲರ್, ನನ್ನದು ಅದರ ಹತ್ತಿರ ಎಲ್ಲೂ ಇಲ್ಲ. ಫಿಸಿಯೋಥೆರಪಿಗೆ ಕೈಯಿಂದ ಹಾಕಿದ್ದು ಬಂತು, ಮೇಲೆ ಒಂದಿಷ್ಟು ಬಂತು. ಆದ್ರೆ "ಹೌದಮ್ಮಾ, ಸೂಜಿ ಮೇಲೆ ಬಿತ್ತು" ಅಂತ ಯಾರೂ ಹೇಳಲಿಲ್ಲ. ಕೇಸಿನ ಉದ್ದಕ್ಕೂ ಆ ಅಂಗಡಿಗೆ ಒಂದು ಮಾತು ಕೇಳಿದವರಿಲ್ಲ, ಯಾಕಂದ್ರೆ ಅವರು ಕೇಸಿನಲ್ಲೇ ಇರಲಿಲ್ಲ. ಲಸಿಕೆ ಹಾಕಿದ ದಾಖಲೆ ಬೇಕು ಅಂತ ನಮ್ಮ ವಕೀಲರು ಕಳಿಸಿದ ಒಂದು ಪತ್ರ ಬಿಟ್ರೆ ಅಲ್ಲಿಗೆ ಏನೂ ತಲುಪಿಲ್ಲ. ಹುಂಡಿಯಿಂದ ದುಡ್ಡು ಬರುತ್ತೆ, ಪಾಠ ಮಾತ್ರ ಯಾರಿಗೂ ಹೋಗಲ್ಲ. ಈ ಕಾನೂನಿನ ಒಳ್ಳೆಯ ಗುಣವೂ ಅದೇ, ಕೊರತೆಯೂ ಅದೇ ಅಂತ ನನಗನ್ಸುತ್ತೆ.

ಆದ್ರೂ ಸಿಕ್ಕಿದವಳು ದೂರಬಾರದು. ಯಾಕಂದ್ರೆ ಎಲ್ಲ ಭುಜಗಳಿಗೂ ಈ ಬಾಗಿಲು ತೆರೆದಿಲ್ಲ. ಮಕ್ಕಳಿಗೋ ಗರ್ಭಿಣಿಯರಿಗೋ ಎಲ್ಲರಿಗೂ ಕೊಡಿ ಅಂತ ಶಿಫಾರಸಾದ ಲಸಿಕೆಗಳಿಗಷ್ಟೇ ಈ ಯೋಜನೆ ಇರೋದರಿಂದ ವಯಸ್ಸಾದವರಿಗೆ ಕೊಡೋ ಸರ್ಪಸುತ್ತಿನ ಲಸಿಕೆ ಇದರಲ್ಲಿ ಬರಲ್ಲ. 2021ರಲ್ಲಿ ಕೋವಿಡ್ ಲಸಿಕೆಯಿಂದ ನನ್ನ ಥರವೇ ಭುಜ ಹಿಡಿದುಕೊಂಡವರನ್ನ ಇನ್ನೊಂದು ಯೋಜನೆಗೆ ಕಳಿಸಿದ್ರು. ಅಲ್ಲಿ ಅವಧಿ ಒಂದೇ ವರ್ಷ, ಕೋರ್ಟ್ ಇಲ್ಲ, ವಕೀಲರ ಫೀಸಿಲ್ಲ, ನೋವಿಗೆ ಪರಿಹಾರವೂ ಇಲ್ಲ. ಅದೇ ಸೂಜಿ, ಅದೇ ಬರ್ಸಾ, ಸೀಸೆಯ ಮೇಲಿನ ಚೀಟಿ ಮಾತ್ರ ಬೇರೆ.

ಹಾಗಾಗಿ ಇಲ್ಲಿರೋ ನಮ್ಮವರಿಗೆ ಹೇಳೋದಿಷ್ಟೇ. ಲಸಿಕೆ ಹಾಕಿಸಿದ ಕೈ ಒಂದೆರಡು ವಾರವಾದ್ರೂ ಮೇಲೇಳದಿದ್ರೆ ಡಾಕ್ಟರಿಗೆ ತೋರಿಸಿ. ನೋವು ಶುರುವಾದ ದಿನ ಮತ್ತು ಹೊತ್ತನ್ನ ಹೇಳಿ, ಅದನ್ನ ಹಾಗೇ ಬರೆದುಕೊಂಡ್ರಾ ಅಂತ ಕೇಳಿ. ಯಾವ ಲಸಿಕೆ, ಯಾವ ಕೈ ಅನ್ನೋ ಚೀಟಿ ಎಸೀಬೇಡಿ. 3 ವರ್ಷ ಅಂದ್ರೆ ದೂರ ಅನ್ಸುತ್ತೆ, ಬೇಗ ಕಳೆದುಹೋಗುತ್ತೆ.

ನಾನು ಈಗಲೂ ಪ್ರತಿ ವರ್ಷ ಫ್ಲೂ ಲಸಿಕೆ ಹಾಕಿಸಿಕೊಳ್ತೀನಿ. ಅರ್ಧ ತೋಳಿನ ಅಂಗಿ ಹಾಕ್ಕೊಂಡು ಹೋಗ್ತೀನಿ, ತೋಳು ಪೂರ್ತಿ ಮಡಚಿ ಕೂತ್ಕೋತೀನಿ. ಹಾಕೋಕೆ ಬಂದವರಿಗೆ, "ದಯವಿಟ್ಟು ನೀವೂ ಕೂತ್ಕೊಳ್ಳಿ" ಅಂತೀನಿ. ಒಂದಿಬ್ಬರು ವಿಚಿತ್ರವಾಗಿ ನೋಡಿದ್ದಾರೆ. ಪರವಾಗಿಲ್ಲ, ಕೂತಿದ್ದಾರೆ.