ಉಡಕಿ

ಕೆನಡಾದಲ್ಲಿ ನನ್ನ ವಿದ್ಯಾರ್ಥಿ ವೀಸಾ ಮುಗಿಯಲು ಎರಡು ತಿಂಗಳಿತ್ತು, ಪಿಎಚ್.ಡಿ ಮುಗಿದಿರಲಿಲ್ಲ. ಅಲ್ಲಿನ ಕಾಯಂ ನಿವಾಸಿಯಾದ ಗೆಳತಿ ನನಗೂ ಕಾಯಂ ವಾಸಕ್ಕೆ ಪ್ರಾಯೋಜಕಳಾಗಲು ಒಪ್ಪಿದಳು. ನಾನು ಕಾಯಂ ನಿವಾಸಿಯಾದ ದಿನದಿಂದ 3 ವರ್ಷ ನನ್ನ ಹೊಣೆ ಅವಳದೇ. ಮದುವೆಯಾಗದಿದ್ದರೂ ಸತತ 12 ತಿಂಗಳು ಕೂಡಿ ಬಾಳಿದ ಜೋಡಿಯನ್ನು ಆ ದೇಶ ಸಂಗಾತಿಗಳೆಂದು ಒಪ್ಪುತ್ತದೆ. ಆದರೆ ಪುರಾವೆ ಬೇಕು. ಬಾಡಿಗೆ ಕರಾರು, ಜಂಟಿ ಖಾತೆ, ಕರೆಂಟ್ ಬಿಲ್ಲು ಹೊಂದಿಸಿದೆವು. ಮನೆಯವರದೊಂದು ಪತ್ರವಿದ್ದರೆ ಇನ್ನೂ ಗಟ್ಟಿ.

ವಳಕಮದಿನ್ನಿಯ ಅವ್ವನಿಗೆ ನಾನು ಏನೂ ಹೇಳಿರಲಿಲ್ಲ. ಫೋನಿನಲ್ಲಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದಳು.

"ಉಡಕಿ ಆದಂಗ ಅನ್ನು. ನಮ್ಮವ್ವಂದೂ ಉಡಕೀನ. ನಿಮಗ್ಯಾರೂ ಹೇಳಿಲ್ಲ."

ನಮ್ಮ ಕಡೆ ಗಂಡ ಸತ್ತವಳು ಹೊಸ ಸೀರೆ ಉಟ್ಟು ಇನ್ನೊಬ್ಬನ ಮನೆ ಸೇರುವುದೇ ಉಡಕಿ. ಅಜ್ಜಿಯದಕ್ಕೆ ಕಾಗದವಿರಲಿಲ್ಲ, ನಾಲ್ಕು ಮಂದಿ ಹಿರಿಯರಿದ್ದರು. ಆಮೇಲೆ ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ.

ಅವ್ವ ಹೇಳಿದಂತೆ ತಮ್ಮ ಬರೆದ. ಅವಳು ಹೆಬ್ಬೆಟ್ಟು ಒತ್ತಿದಳು. ಅದನ್ನು ನಾನಾಗಲಿ ಮನೆಯವರಾಗಲಿ ಇಂಗ್ಲಿಷಿಗೆ ಅನುವಾದಿಸುವಂತಿಲ್ಲ. ವೀಸಾಕ್ಕೆ ಆರು ದಿನ ಉಳಿದಿದ್ದಾಗ ಅನುವಾದಕರು ಫೋನ್ ಮಾಡಿ ಕೇಳಿದರು: "ಉಡಕಿ ಅಂದರೇನು?"

ಹೇಳಲು ಅರ್ಧ ಗಂಟೆ ಹಿಡಿಯಿತು. ಅಜ್ಜಿಯ ಬಗ್ಗೆ ಅಷ್ಟು ಹೊತ್ತು ನಾನು ಯಾರೊಂದಿಗೂ ಮಾತಾಡಿರಲಿಲ್ಲ.